ಮ್ಯಾಚ್ ಕ್ಯಾಸೆಟ್ ಇದೆಯೇನಣ್ಣಾ?

ಎಂಬತ್ತರ ದಶಕದ ಕೊನೆಯಲ್ಲಿ ಊರೂರಿನ ವಿಡಿಯೋ ಕ್ಯಾಸೆಟ್ ಲೈಬ್ರರಿಗಳಲ್ಲಿ ಆಟದ ಹುಚ್ಚಿನವರಿಗೂ ಒಂದು ಖಾನೆ ಇರುತ್ತಿತ್ತು. ಕನ್ನಡ, ಹಿಂದಿ, ಇಂಗ್ಲಿಷ್, ‘ಫೈಟಿಂಗ್’ ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಅದರ ಸರದಿ. ಅಲ್ಲಿದ್ದದ್ದಾದರೂ ಏನು? ಸಿಲ್ವೆಸ್ಟರ್ ಸ್ಟಲೋನ್‌ನ ‘ರಾಕಿ’, ಪೆಲೆ ಮತ್ತು ಬಾಬಿ ಮೂರ್ ಬಣ್ಣ ಹಚ್ಚಿದ ‘ಎಸ್ಕೇಪ್ ಟು ವಿಕ್ಟರಿ’, ಒಂದೆರಡು ಕರಾಟೆ ಸಿನಿಮಾ, ಮಿಕ್ಕಂತೆ ಸಾಲುಸಾಲು ಡಬ್ಲ್ಯುಡಬ್ಲ್ಯುಎಫ್ ಕುಸ್ತಿ. ‘ಮ್ಯಾಚ್ ಕ್ಯಾಸೆಟ್ ಇದೆಯೇನಣ್ಣಾ?’ ಎಂದು ಕೇಳಿದ ಹುಡುಗನ ಕೈಗೆ ಅಂಗಡಿಯವರು ಹಲ್ಕ್ ಹೋಗನ್‌ನನ್ನು ಎತ್ತಿ ಕೊಡುತ್ತಿದ್ದರು. ಇಲ್ಲ, ಕ್ರಿಕೆಟ್ಟೇ ಬೇಕು ಎಂದು ಹಟ ಹಿಡಿದರೆ ಮೇಜಿನ ಕೆಳಗಿನಿಂದ ಒಂದು ಕ್ಯಾಸೆಟ್ ಬರುತ್ತಿತ್ತು. ಬಿಳಿ ಸ್ಟಿಕ್ಕರ್ ಮೇಲೆ ಬಾಲ್‌ಪೆನ್ನಿನಲ್ಲಿ ‘ಶಾರ್ಜಾ’ ಎಂದಷ್ಟೇ ಗೀಚಿರುತ್ತಿತ್ತು. ಯಾವ ವರ್ಷದ್ದು, ಯಾರ ಮೇಲೆ ಯಾರು ಆಡಿದ್ದು ಎಂಬುದು ಮನೆಗೆ ಒಯ್ದು ಹಾಕಿದ ಮೇಲೇ ಗೊತ್ತಾಗಬೇಕು.

ರೇಡಿಯೋ ಕಾಮೆಂಟರಿಗಾಗಿ ಬೀಡಾ ಅಂಗಡಿ ಮುಂದೆ ಜನ ಗುಂಪುಗೂಡುತ್ತಿದ್ದ ನಾಡಿನಲ್ಲಿ ಕ್ರಿಕೆಟ್ ಪಂದ್ಯದ ಕ್ಯಾಸೆಟ್ ಯಾಕೆ ಹೀಗೆ ಕಳ್ಳಮಾಲಿನಂತೆ ಓಡಾಡಬೇಕಿತ್ತು? ಅಂಗಡಿಯವರ ಅಸಡ್ಡೆ ಇದಕ್ಕೆ ಕಾರಣವಲ್ಲ. ಬೇಡಿಕೆ ಇದ್ದದ್ದು ಅವರಿಗೂ ಗೊತ್ತಿತ್ತು. ಸಿನಿಮಾ ಬಾಡಿಗೆಗೆ ಒಗ್ಗುವ ಸರಕು, ಪಂದ್ಯ ಒಗ್ಗದ ಸರಕು. ಟೇಪಿನ ಉದ್ದದಿಂದ ಹಿಡಿದು ಹಕ್ಕುಸ್ವಾಮ್ಯದ ಕಾಯಿದೆಯವರೆಗೆ ಎಲ್ಲವೂ ಪಂದ್ಯಕ್ಕೆ ವಿರುದ್ಧವಾಗಿಯೇ ನಿಂತಿದ್ದವು. ಇವತ್ತು ಫೋನಿನಲ್ಲಿ ಬೆರಳಾಡಿಸಿದರೆ ಸಾವಿರಾರು ಸಿನಿಮಾ ಸಿಗುತ್ತವೆ. ಬಾಲ್ಯದಲ್ಲಿ ಕಂಡ ಒಂದು ಪಂದ್ಯವನ್ನು ಮೊದಲ ಎಸೆತದಿಂದ ಕೊನೆಯವರೆಗೆ ಮತ್ತೆ ನೋಡುತ್ತೇನೆಂದರೆ ಈಗಲೂ ಅಷ್ಟು ಸುಲಭವಿಲ್ಲ.

ಕ್ಯಾಸೆಟ್ ಬಾಡಿಗೆ ವ್ಯಾಪಾರ ಶುರುವಾದದ್ದೇ ಸಿನಿಮಾಗಳಿಂದ. 1977ರ ಡಿಸೆಂಬರಿನಲ್ಲಿ ಜಾರ್ಜ್ ಅಟ್ಕಿನ್‌ಸನ್ ಎಂಬಾತ ಲಾಸ್ ಏಂಜಲೀಸ್‌ನ ವಿಲ್ಶೈರ್ ಬೊಲೆವಾರ್ಡ್‌ನಲ್ಲಿ ಪುಟ್ಟ ಅಂಗಡಿ ತೆರೆದ. ಆಗ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ 50 ಚಿತ್ರಗಳು ಮೊದಲ ಸಲ ಕ್ಯಾಸೆಟ್ ರೂಪದಲ್ಲಿ ಮಾರಾಟಕ್ಕೆ ಬಂದಿದ್ದವು. ಆತ ಅವನ್ನು ಕೊಂಡು ತಂದು ದಿನಕ್ಕೆ 10 ಡಾಲರಿನಂತೆ ಬಾಡಿಗೆಗೆ ಬಿಟ್ಟ. ವರ್ಷದ ಸದಸ್ಯತ್ವಕ್ಕೆ 50 ಡಾಲರ್, ಆಜೀವ ಸದಸ್ಯತ್ವಕ್ಕೆ 100. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಲು ಅಮೆರಿಕದ ಕಾನೂನಿನಲ್ಲಿ ಅಡ್ಡಿಯಿರಲಿಲ್ಲ. ಇದರಲ್ಲಿ ಗಮನಿಸಬೇಕಾದ್ದು ಒಂದೇ: ಬಾಡಿಗೆಗೆ ಬಿಡಬೇಕಾದರೆ ಮೊದಲು ಯಾರಾದರೂ ಅದನ್ನು ಕ್ಯಾಸೆಟ್ ಮಾಡಿ ಮಾರಬೇಕು. ಸಿನಿಮಾ ಮಾರಲು ಫಾಕ್ಸ್ ಇತ್ತು. ಪಂದ್ಯ ಮಾರಲು ಯಾರಿದ್ದರು?

ನಮ್ಮಲ್ಲಿಗೆ ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರ ಬಂದದ್ದು 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಆಸುಪಾಸಿನಲ್ಲಿ. ಕಲರ್ ಟೀವಿ ಈ ದೇಶಕ್ಕೆ ಕಾಲಿಟ್ಟದ್ದೇ ಆ ಕ್ರೀಡಾಕೂಟದ ನೆಪದಲ್ಲಿ. ಕರಾವಳಿಗೆ ಮಾತ್ರ ದೆಹಲಿಗಿಂತ ದುಬೈ ಹತ್ತಿರವಿತ್ತು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನಿಂದ ರಜೆಗೆ ಬಂದವರ ಸಾಮಾನಿನ ಜೊತೆ ವಿಸಿಆರ್ ಕೂಡ ಇಳಿಯಿತು. ‘ಶಾರ್ಜಾ’ ಎಂದು ಗೀಚಿದ ಕ್ಯಾಸೆಟ್ಟುಗಳ ದಾರಿಯೂ ಬಹುಮಟ್ಟಿಗೆ ಅದೇ. ಅಲ್ಲಿನ ಟೀವಿಯಲ್ಲಿ ಬಂದ ಪಂದ್ಯವನ್ನು ಅಲ್ಲೇ ರೆಕಾರ್ಡ್ ಮಾಡಿ ತಮ್ಮನಿಗೋ ಭಾವನಿಗೋ ತಂದುಕೊಟ್ಟದ್ದು, ಅದರಿಂದ ಇನ್ನೊಂದು ಪ್ರತಿ, ಆ ಪ್ರತಿಯ ಪ್ರತಿ. ಮೂರನೇ ನಾಲ್ಕನೇ ತಲೆಮಾರಿನ ಪ್ರತಿ ಲೈಬ್ರರಿಗೆ ಬಂದು ಸೇರುವ ಹೊತ್ತಿಗೆ ಚೆಂಡು ಮಾಯವಾಗಿ, ಬ್ಯಾಟ್ಸ್‌ಮನ್ ಸುಮ್ಮನೆ ಗಾಳಿಗೆ ಬ್ಯಾಟ್ ಬೀಸಿದಂತೆಯೂ ಎಲ್ಲೋ ಒಬ್ಬ ಫೀಲ್ಡರ್ ಕಾರಣವಿಲ್ಲದೆ ಓಡಿದಂತೆಯೂ ಕಾಣುತ್ತಿತ್ತು. ಆದರೂ ನೋಡುತ್ತಿದ್ದೆವು.

ವಿಸಿಆರ್ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ಹಳ್ಳಿಗಳಲ್ಲಿ ಟೀವಿ, ವಿಸಿಪಿ (ವಿಡಿಯೋ ಕ್ಯಾಸೆಟ್ ಪ್ಲೇಯರ್), ಮೂರು ಕ್ಯಾಸೆಟ್ ಎಲ್ಲ ಸೇರಿಸಿ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುವುದು ಹಬ್ಬದ ಖರ್ಚಿನಲ್ಲಿ ಒಂದಾಗಿತ್ತು. ಚೌತಿಗೆ ಚಂದಾ ಎತ್ತಿ ತಂದ ವಿಸಿಪಿಯಲ್ಲಿ ಮೊದಲು ರಾಜ್‌ಕುಮಾರ್ ಚಿತ್ರ, ಆಮೇಲೆ ಇನ್ನೊಂದು ಕನ್ನಡ ಚಿತ್ರ, ಹೆಂಗಸರು ಮಕ್ಕಳು ಮಲಗಲು ಹೋದ ಮೇಲೆ ಹುಡುಗರ ಆಯ್ಕೆ. ಆಟದ ಹುಚ್ಚಿನವರ ಪಾಳಿ ಬೆಳಗಿನ ಜಾವದ್ದು. ಆಗಲೂ ಪರದೆ ಮೇಲೆ ಬರುತ್ತಿದ್ದದ್ದು ಹೆಚ್ಚಾಗಿ ಕುಸ್ತಿಯೇ.

ಇನ್ನು ಟೇಪಿನ ಉದ್ದದ ಮಾತು. ವಿಎಚ್‌ಎಸ್ ಕ್ಯಾಸೆಟ್‌ನೊಳಗೆ ಇರುವುದು ಅರ್ಧ ಅಂಗುಲ ಅಗಲದ ಕಾಂತೀಯ ಪಟ್ಟಿ. ನಮ್ಮಲ್ಲಿ ಎಲ್ಲೆಡೆ ಸಿಗುತ್ತಿದ್ದ ‘ಇ-180’ ಕ್ಯಾಸೆಟ್‌ನಲ್ಲಿ ಆ ಪಟ್ಟಿ ಕಾಲು ಕಿಲೋಮೀಟರಿಗಿಂತ ಕೊಂಚ ಹೆಚ್ಚೇ ಉದ್ದವಿರುತ್ತದೆ. ಸೆಕೆಂಡಿಗೆ 2.3 ಸೆಂಟಿಮೀಟರಿನಷ್ಟು ನಿಧಾನವಾಗಿ ಅದು ಸರಿದು ಮುಗಿಯಲು ಮೂರು ತಾಸು. ಕನ್ನಡ ಚಿತ್ರ ಎರಡೂವರೆ ಗಂಟೆಯದು, ಸರಿಯಾಗಿ ಹಿಡಿಯುತ್ತದೆ. ಫುಟ್‌ಬಾಲ್ ಪಂದ್ಯ, ವಿರಾಮ, ಹೆಚ್ಚುವರಿ ಅವಧಿ ಎಲ್ಲ ಸೇರಿದರೂ ಹಿಡಿಯುತ್ತದೆ. ಒಂದು ದಿನದ ಕ್ರಿಕೆಟ್ ಪಂದ್ಯಕ್ಕೆ ಏಳು ತಾಸು ಎಂದರೆ ಮೂರು ಕ್ಯಾಸೆಟ್. ಐದು ದಿನದ ಟೆಸ್ಟ್ ಪೂರ್ತಿ ಬೇಕೆಂದರೆ ಹತ್ತು. ಹತ್ತು ಸಿನಿಮಾ ಇಡುವ ಜಾಗದಲ್ಲಿ, ಅದೂ ಡ್ರಾ ಆದ ಒಂದು ಟೆಸ್ಟ್ ಇಡುವ ಅಂಗಡಿಯವನು ಯಾರು? ಹಾಗಾಗಿ ಕ್ರಿಕೆಟ್ ಕ್ಯಾಸೆಟ್ ಎಂದರೆ ಹೈಲೈಟ್ಸ್ ಎಂದೇ ಆಯಿತು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ ಆರು ತಾಸು ತುಂಬಿಸುವ ‘ಲಾಂಗ್ ಪ್ಲೇ’ ವ್ಯವಸ್ಥೆ ಇತ್ತು ನಿಜ. ಅದರಲ್ಲಿ ಚಿತ್ರ ಮಸುಕು, ಮೇಲಾಗಿ ಎಲ್ಲರ ಮನೆಯ ಯಂತ್ರಕ್ಕೂ ಅದು ಓದಲು ಬರುತ್ತಿರಲಿಲ್ಲ.

ಸ್ವಾರಸ್ಯವೆಂದರೆ ಈ ‘ಲಾಂಗ್ ಪ್ಲೇ’ ಹುಟ್ಟಿದ್ದೇ ಆಟಕ್ಕಾಗಿ. 1975ರಲ್ಲಿ ಸೋನಿ ತಂದ ಬೀಟಾಮ್ಯಾಕ್ಸ್ ಕ್ಯಾಸೆಟ್ ಹಿಡಿಯುತ್ತಿದ್ದದ್ದು ಒಂದೇ ಗಂಟೆ. ಮರುವರ್ಷ ಜೆವಿಸಿಯ ವಿಎಚ್‌ಎಸ್ ಎರಡು ಗಂಟೆಗೆ ಏರಿತು. ಅಮೆರಿಕದ ಆರ್‌ಸಿಎ ಕಂಪನಿ ಜಪಾನಿನವರ ಮುಂದೆ ನಾಲ್ಕು ಗಂಟೆಯ ಷರತ್ತು ಇಟ್ಟಿತು. ಭಾನುವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದೇ ಕ್ಯಾಸೆಟ್‌ನಲ್ಲಿ ಹಿಡಿಯಬೇಕು ಎಂಬುದು ಅವರ ವಾದ. ಮಾತ್ಸುಶಿತಾ ಎಂಜಿನಿಯರರು ಟೇಪಿನ ವೇಗ ಅರ್ಧಕ್ಕಿಳಿಸಿ ನಾಲ್ಕು ಗಂಟೆ ಮಾಡಿಕೊಟ್ಟರು, 1977ರಲ್ಲಿ ಆರ್‌ಸಿಎ ಯಂತ್ರ ಮಾರುಕಟ್ಟೆಗೆ ಬಂತು. ಬೀಟಾಮ್ಯಾಕ್ಸ್ ಸೋತು ವಿಎಚ್‌ಎಸ್ ಗೆದ್ದದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಈ ಫುಟ್‌ಬಾಲ್ ಹಟವೂ ಒಂದು. ಕ್ರಿಕೆಟ್ ಆಡುವ ದೇಶವೊಂದು ಆಗ ಹೀಗೆ ಷರತ್ತು ಹಾಕುವ ಸ್ಥಿತಿಯಲ್ಲಿದ್ದಿದ್ದರೆ ಕ್ಯಾಸೆಟ್ ಎಷ್ಟು ದಪ್ಪವಿರುತ್ತಿತ್ತೋ!

ಆಟ ನೋಡುವವರು ಸಿನಿಮಾ ನೋಡುವವರಿಗಿಂತ ಯಂತ್ರವನ್ನು ಹೆಚ್ಚು ಹಿಂಸಿಸುತ್ತಾರೆ. ಔಟೋ ಅಲ್ಲವೋ ತೀರ್ಮಾನವಾಗಬೇಕಲ್ಲ, ಪಾಸ್ ಒತ್ತುತ್ತಾರೆ. ಒತ್ತಿದ ಕೂಡಲೇ ಪರದೆಯ ನಡುವೆ ಬಿಳಿ ಪಟ್ಟೆ, ಸರಿಯಾಗಿ ಸ್ಟಂಪಿನ ಮೇಲೇ. ಇದಕ್ಕೆ ಕಾರಣವಿದೆ. ವಿಸಿಆರ್ ಒಳಗೆ ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮಿನಲ್ಲಿ ಎರಡು ಹೆಡ್‌ಗಳಿರುತ್ತವೆ. ಚಲಿಸುತ್ತಿರುವ ಟೇಪಿನ ಮೇಲೆ ಅವು ಓರೆ ಗೆರೆ ಎಳೆದಂತೆ ಚಿತ್ರ ಬರೆಯುತ್ತವೆ. ಟೇಪ್ ನಿಂತಾಗ ಹೆಡ್ ಹಾಯುವ ಓರೆ ಚೂರು ಬದಲಾಗಿ, ಪಕ್ಕದ ಗೆರೆಗೂ ಕಾಲಿಡುತ್ತದೆ. ಎರಡು ಗೆರೆಗಳ ನಡುವಿನ ಗೊಂದಲವೇ ಆ ಬಿಳಿ ಪಟ್ಟೆ. ಮುಂದೆ ನಾಲ್ಕು ಹೆಡ್ಡಿನ ಯಂತ್ರಗಳು ಬಂದು ಇದು ತಕ್ಕಮಟ್ಟಿಗೆ ಸರಿಹೋಯಿತು. ಅಷ್ಟರಲ್ಲಿ ಲೈಬ್ರರಿಯ ಕ್ಯಾಸೆಟ್ ಸವೆದಿರುತ್ತಿತ್ತು, ಅದೂ ಎಲ್ಲರೂ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದ ಜಾಗದಲ್ಲೇ. ವಿಕೆಟ್ ಬೀಳುವ ಹೊತ್ತಿಗೆ ಪರದೆ ತುಂಬ ಮಳೆ ಬಿದ್ದಂತೆ ಗೆರೆಗಳು.

ಈಗ ಹಲ್ಕ್ ಹೋಗನ್ ಕಡೆಗೆ ಬರೋಣ. ಕ್ರಿಕೆಟ್ಟಿನ ಜಾಗವನ್ನು ಡಬ್ಲ್ಯುಡಬ್ಲ್ಯುಎಫ್ ಹೇಗೆ ಕಬಳಿಸಿತು ಎಂಬುದರಲ್ಲೇ ಈ ಇಡೀ ಕಥೆಯ ಗಂಟು ಇದೆ ಎಂದು ನನಗನ್ನಿಸುತ್ತದೆ. 1987ರ ಮಾರ್ಚ್ 29ರಂದು ಹೋಗನ್, ಆಂದ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದ ದೃಶ್ಯ ನಮ್ಮ ಜಿಲ್ಲಾ ಕೇಂದ್ರಗಳ ಹುಡುಗರಿಗೆ ಬಾಯಿಪಾಠವಾಗಿತ್ತು. ಶಾಲೆಯಲ್ಲಿ ಟ್ರಂಪ್ ಕಾರ್ಡ್ ಆಡುತ್ತ ಯಾರ ಎತ್ತರ ಎಷ್ಟು, ತೂಕ ಎಷ್ಟು ಎಂದು ಜಗಳವಾಡುತ್ತಿದ್ದರು. ಅದು ನಿಜವೋ ನಾಟಕವೋ ಎಂಬ ವಾದ ಎಂದೂ ಬಗೆಹರಿಯುತ್ತಿರಲಿಲ್ಲ. ಅತ್ತ ಅಮೆರಿಕದಲ್ಲಿ ಆ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ, ನಮ್ಮದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ಹಿಡಿತ ಮತ್ತು ತೆರಿಗೆ ತಪ್ಪಿಸಿಕೊಳ್ಳುವುದು ಅದರ ಉದ್ದೇಶ.

ಕ್ರೀಡೆಯಲ್ಲದ್ದರಿಂದಲೇ ಅದು ಕ್ರೀಡಾ ಖಾನೆಯನ್ನು ತುಂಬಿತು. ಆಟಗಾರರು, ಅಖಾಡ, ಕ್ಯಾಮೆರಾ, ಕಾಮೆಂಟರಿ, ಸಂಗೀತ ಎಲ್ಲಕ್ಕೂ ಒಬ್ಬನೇ ಯಜಮಾನ. ಚಿತ್ರೀಕರಿಸಿದ್ದನ್ನು ಕತ್ತರಿಸಿ, ಜೋಡಿಸಿ, ಬಣ್ಣದ ಡಬ್ಬಿಯಲ್ಲಿಟ್ಟು ಮಾರಲು ಆತ ಯಾರನ್ನೂ ಕೇಳಬೇಕಿರಲಿಲ್ಲ. ಕಂಪನಿ 1985ರಿಂದಲೇ ಕ್ಯಾಸೆಟ್ ಹೊರತರುತ್ತಿತ್ತು. ನಮ್ಮ ಲೈಬ್ರರಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅದರ ನಕಲು ಎಂಬುದು ಬೇರೆ ಮಾತು. ನಕಲು ಮಾಡಲಾದರೂ ಮೂಲ ಕ್ಯಾಸೆಟ್ ಒಂದು ಇರಬೇಕಲ್ಲವೇ? ಅಮೆರಿಕದ ಮೂಲ ಕ್ಯಾಸೆಟ್ಟನ್ನು ಹಾಗೇ ತಂದು ಹಾಕಿದರೆ ನಡೆಯುತ್ತಿರಲಿಲ್ಲ. ಅಲ್ಲಿನ ಟೀವಿ 525 ಗೆರೆಗಳ ಎನ್‌ಟಿಎಸ್‌ಸಿ, ನಮ್ಮದು 625 ಗೆರೆಗಳ ಪಾಲ್. ಬಣ್ಣ ಹಾರಿಹೋಗಿ ಚಿತ್ರ ಮೇಲೆ ಕೆಳಗೆ ಉರುಳುತ್ತಿತ್ತು. ಗಲ್ಫಿನಿಂದ ಬಂದ ‘ಮಲ್ಟಿ ಸಿಸ್ಟಮ್’ ಯಂತ್ರಕ್ಕೆ ಬೆಲೆ ಇದ್ದದ್ದು ಇದಕ್ಕಾಗಿಯೇ.

ನಿಜವಾದ ಕ್ರೀಡೆಯಲ್ಲಿ ಇಂಥ ಏಕಯಜಮಾನಿಕೆ ಇದ್ದದ್ದು ಅಧಿಕೃತ ಚಿತ್ರಗಳಲ್ಲಿ ಮಾತ್ರ. ಫಿಫಾ ಪ್ರತಿ ವಿಶ್ವಕಪ್‌ಗೂ ಒಂದು ಚಿತ್ರ ಮಾಡಿಸುತ್ತಿತ್ತು. 1982ರ ‘ಗೋಲೆ!’ಗೆ ಶಾನ್ ಕಾನರಿ ನಿರೂಪಣೆ, 1986ರ ಮೆಕ್ಸಿಕೊ ವಿಶ್ವಕಪ್‌ನ ‘ಹೀರೋ’ಗೆ ಮೈಕೆಲ್ ಕೇನ್. ಟೋಕಿಯೊ ಒಲಿಂಪಿಕ್ಸ್ ಕುರಿತು ಕೋನ್ ಇಚಿಕಾವಾ 1965ರಲ್ಲಿ ಮಾಡಿದ ‘ಟೋಕಿಯೊ ಒಲಿಂಪಿಯಾಡ್’ ಈ ಜಾತಿಯಲ್ಲೇ ದೊಡ್ಡದು. ಗೆದ್ದವನಿಗಿಂತ ಓಡಿ ಸುಸ್ತಾದವನ ಮುಖವನ್ನೇ ಹೆಚ್ಚು ಹೊತ್ತು ನೋಡುವ ಚಿತ್ರ ಅದು. ‘ಹೀರೋ’ದಲ್ಲಿ ಫಿಲ್ಮ್ ಕ್ಯಾಮೆರಾದವರು ಮೈದಾನದ ಅಂಚಿನಲ್ಲಿ ನಿಂತು ತೆಗೆದ ಮರಡೋನಾ, ಟೀವಿಯಲ್ಲಿ ಕಂಡ ಮರಡೋನಾ ಅಲ್ಲವೇ ಅಲ್ಲ: ಹತ್ತಿರದವನು, ಬೆವರಿದವನು, ಒದೆ ತಿಂದು ಉರುಳಿದವನು. ಆದರೆ ಇಂಥ ಚಿತ್ರಗಳಲ್ಲಿ ಆಟ ಇರುತ್ತದೆ, ಪಂದ್ಯ ಇರುವುದಿಲ್ಲ. ತೊಂಬತ್ತು ನಿಮಿಷ ಅಲ್ಲಿ ನಾಲ್ಕು ನಿಮಿಷಕ್ಕೆ ಕುಗ್ಗಿರುತ್ತದೆ.

ಕಾನೂನಿನ ಕಣ್ಣಲ್ಲಿ ಪಂದ್ಯ ಒಂದು ವಿಚಿತ್ರ ಪ್ರಾಣಿ. ಸಿನಿಮಾಕ್ಕೆ ನಿರ್ಮಾಪಕನಿದ್ದಾನೆ, ಹಕ್ಕು ಅವನದು. ಮೈದಾನದಲ್ಲಿ ನಡೆದ ಆಟಕ್ಕೆ ಹಕ್ಕುಸ್ವಾಮ್ಯವೇ ಇಲ್ಲ. ಕವರ್ ಡ್ರೈವ್‌ಗೆ ಕರ್ತೃವಿಲ್ಲ. ಹಕ್ಕು ಇರುವುದು ಅದರ ಚಿತ್ರೀಕರಣಕ್ಕೆ ಮತ್ತು ಪ್ರಸಾರಕ್ಕೆ. 1984ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು ವಿಡಿಯೋವನ್ನೂ ಸಿನಿಮಾದ ವ್ಯಾಖ್ಯೆಯೊಳಗೆ ಸೇರಿಸಿದರು, ನಕಲಿಗೆ ಶಿಕ್ಷೆ ಹೆಚ್ಚಿಸಿದರು. ಈಗಿನ ಕಾಯಿದೆಯ 37ನೇ ಸೆಕ್ಷನ್ ಪ್ರಕಾರ ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷ ಹಕ್ಕು ಇರುತ್ತದೆ. ಅನುಮತಿಯಿಲ್ಲದೆ ಅದನ್ನು ರೆಕಾರ್ಡ್ ಮಾಡಿ ಮಾರುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ತಪ್ಪು. ಅದರ ಬೆನ್ನಿಗೇ ಇರುವ 39ನೇ ಸೆಕ್ಷನ್ ಒಂದು ಕಿಟಕಿ ತೆರೆದಿಟ್ಟಿದೆ: ರೆಕಾರ್ಡ್ ಮಾಡಿದವನು ತನ್ನ ಸ್ವಂತ ಬಳಕೆಗೆಂದು ಮಾಡಿಕೊಂಡರೆ ತಪ್ಪಲ್ಲ. ಎಂದರೆ ಮಾಮ ತನ್ನ ಮನೆಯ ಟೀವಿಯಿಂದ ಪಂದ್ಯ ತುಂಬಿಸಿಕೊಂಡು ಸಂಜೆ ನೋಡಬಹುದು, ಅದೇ ಕ್ಯಾಸೆಟ್ಟನ್ನು ಪಕ್ಕದ ಲೈಬ್ರರಿಯವನು ದುಡ್ಡಿಗೆ ಕೊಟ್ಟರೆ ಅಪರಾಧ.

ಅಮೆರಿಕದಲ್ಲಿ ಮನೆಯ ರೆಕಾರ್ಡಿಂಗ್‌ಗೆ ಈ ರಕ್ಷಣೆ ಸಿಕ್ಕಿದ್ದು ಸುಪ್ರೀಂ ಕೋರ್ಟ್‌ನಲ್ಲಿ, 1984ರ ಜನವರಿಯಲ್ಲಿ, ಒಂದೇ ಒಂದು ಮತದ ಅಂತರದಿಂದ. ವಿಸಿಆರ್ ಮಾರುವುದೇ ಕಳ್ಳತನಕ್ಕೆ ಕುಮ್ಮಕ್ಕು ಎಂದು ಯೂನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೋಗಳು ಸೋನಿ ವಿರುದ್ಧ ದಾವೆ ಹೂಡಿದ್ದವು. ಐವರು ನ್ಯಾಯಮೂರ್ತಿಗಳು ಸೋನಿ ಪರ, ನಾಲ್ವರು ವಿರುದ್ಧ. ಸೋನಿಯ ಕೈ ಹಿಡಿದ ಸಾಕ್ಷಿಗಳಲ್ಲಿ ಕ್ರೀಡಾ ಲೀಗ್‌ಗಳವರೂ ಇದ್ದರು. ಬೇಸ್‌ಬಾಲ್, ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿಯ ಪ್ರತಿನಿಧಿಗಳು ಬಂದು, ಜನ ಪಂದ್ಯವನ್ನು ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡುವುದಕ್ಕೆ ನಮ್ಮ ತಕರಾರಿಲ್ಲ ಎಂದರು. ಉದಾರ ಮನಸ್ಸು ಎನ್ನಬಹುದು. ನಿನ್ನೆಯ ಪಂದ್ಯ ತಂಗಳು, ಅದನ್ನು ಯಾರು ತಿಂದರೇನು ಎಂಬ ಧೋರಣೆಯೂ ಅದರಲ್ಲಿತ್ತು ಅನ್ನಿಸುತ್ತದೆ.

ಆ ಧೋರಣೆಗೆ ಬಲಿಯಾದ ಪಂದ್ಯಗಳು ಲೆಕ್ಕವಿಲ್ಲದಷ್ಟು. 1956ರಲ್ಲಿ ಆಂಪೆಕ್ಸ್ ಕಂಪನಿ ಮೊದಲ ವಿಡಿಯೋಟೇಪ್ ಯಂತ್ರ ತಂದಾಗ ಎರಡು ಅಂಗುಲ ಅಗಲದ ಆ ಟೇಪು ಎಷ್ಟು ದುಬಾರಿಯಾಗಿತ್ತೆಂದರೆ ಟೀವಿ ಸಂಸ್ಥೆಗಳು ಒಂದನ್ನು ಅಳಿಸಿ ಇನ್ನೊಂದು ತುಂಬುತ್ತಿದ್ದವು. ಬಿಬಿಸಿ ಮಾಡಿತು, ಅಮೆರಿಕದ ಜಾಲಗಳೂ ಮಾಡಿದವು. 1967ರ ಮೊದಲ ಸೂಪರ್ ಬೌಲನ್ನು ಸಿಬಿಎಸ್, ಎನ್‌ಬಿಸಿ ಎರಡೂ ಪ್ರಸಾರ ಮಾಡಿದವು, ಎರಡೂ ಅಳಿಸಿದವು. ಎಷ್ಟೋ ವರ್ಷಗಳ ಮೇಲೆ ಪೆನ್ಸಿಲ್ವೇನಿಯಾದ ಒಂದು ಮನೆಯ ಅಟ್ಟದಲ್ಲಿ, ಅಂದು ಅಭಿಮಾನಿಯೊಬ್ಬ ರೆಕಾರ್ಡ್ ಮಾಡಿಟ್ಟಿದ್ದ ಟೇಪ್ ಸಿಕ್ಕಿತು. ನಡುನಡುವೆ ಒಂದಿಷ್ಟು ಇಲ್ಲ, ಉಳಿದದ್ದು ಇದೆ. ಟೇಪಿನ ಒಡೆಯ 10 ಲಕ್ಷ ಡಾಲರ್ ಕೇಳಿದ, ಲೀಗ್ 30 ಸಾವಿರ ಕೊಡುತ್ತೇನೆಂದಿತು. ಟೇಪ್ ನಿನ್ನದಾದರೂ ಅದರಲ್ಲಿರುವುದು ನಮ್ಮದು, ಬೇರೆ ಯಾರಿಗೂ ಮಾರುವಂತಿಲ್ಲ ಎಂದೂ ಎಚ್ಚರಿಸಿತು. ಕೈಯಲ್ಲಿ ಪಂದ್ಯವಿದ್ದೂ ತೋರಿಸಲಾಗದ ಸ್ಥಿತಿ.

ಇದಕ್ಕೂ ಸೊಗಸಾದ ಕಥೆ ಗಾಯಕ ಬಿಂಗ್ ಕ್ರಾಸ್ಬಿಯದು. ಆತ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಪಾಲುದಾರ. 1960ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ವಿರುದ್ಧ ತನ್ನ ತಂಡ ಆಡುವಾಗ, ತಾನು ನೋಡಿದರೆ ಸೋಲುತ್ತದೆಂಬ ಭಯದಿಂದ ಪ್ಯಾರಿಸ್‌ಗೆ ಹೊರಟುಹೋದ. ನಮ್ಮಲ್ಲೂ ಕೊನೆಯ ಓವರಿನಲ್ಲಿ ಟೀವಿ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುವ ದೊಡ್ಡಪ್ಪಂದಿರಿದ್ದಾರಲ್ಲ, ಹಾಗೆ. ಹೋಗುವ ಮುನ್ನ ಒಂದು ಕೆಲಸ ಮಾಡಿದ: ಟೀವಿ ಪರದೆಗೆ ಫಿಲ್ಮ್ ಕ್ಯಾಮೆರಾ ಹಿಡಿದು ಏಳನೇ ಪಂದ್ಯವನ್ನು ಚಿತ್ರಿಸಿಡಲು ದುಡ್ಡು ಕೊಟ್ಟು ಏರ್ಪಾಡು ಮಾಡಿದ. ಬಿಲ್ ಮ್ಯಾಝೆರಾಸ್ಕಿಯ ಕೊನೆಯ ಹೊಡೆತದಿಂದ ತಂಡ 10-9ರಲ್ಲಿ ಗೆದ್ದಿತು. ಟೀವಿ ಜಾಲದ ಬಳಿ ಆ ಪಂದ್ಯ ಉಳಿಯಲಿಲ್ಲ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರಾಸ್ಬಿಯ ಮನೆಯ ವೈನ್ ನೆಲಮಾಳಿಗೆಯಲ್ಲಿ ಐದು ಸುರುಳಿ ಫಿಲ್ಮ್ ಸಿಕ್ಕಿತು, ಪೂರ್ತಿ ಪಂದ್ಯ. ಅಂದಹಾಗೆ ನಲವತ್ತರ ದಶಕದಲ್ಲಿ ಆಂಪೆಕ್ಸ್‌ನ ಧ್ವನಿಮುದ್ರಣ ಯಂತ್ರಕ್ಕೆ 50 ಸಾವಿರ ಡಾಲರ್ ತೊಡಗಿಸಿದವನೂ ಈ ಕ್ರಾಸ್ಬಿಯೇ. ರೇಡಿಯೋ ಕಾರ್ಯಕ್ರಮ ನೇರವಾಗಿ ಕೊಡುವುದು ಅವನಿಗೆ ಬೇಸರದ ಕೆಲಸವಾಗಿತ್ತು.

ನಮ್ಮ ನಷ್ಟದ ಪಟ್ಟಿಯೂ ಚಿಕ್ಕದಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕೀಳುತ್ತಿದ್ದಾಗ ಜಿ.ಆರ್. ವಿಶ್ವನಾಥ್ ಒಂದು ತುದಿಯಲ್ಲಿ ನಿಂತು ತಂಡದ 190ರಲ್ಲಿ ಅಜೇಯ 97 ಹೊಡೆದರು. ಕನ್ನಡಿಗರು ತಲೆಮಾರುಗಳಿಂದ ಹೊಗಳುತ್ತ ಬಂದಿರುವ ಇನಿಂಗ್ಸ್ ಅದು. ಮದರಾಸಿನಲ್ಲಿ ದೂರದರ್ಶನ ಶುರುವಾದದ್ದು ಅದೇ ವರ್ಷದ ಆಗಸ್ಟ್ 15ರಂದು, ಏಳು ತಿಂಗಳು ತಡವಾಗಿ. ಆ ಸ್ಕ್ವೇರ್ ಕಟ್‌ಗಳನ್ನು ನಾವು ಓದಿದ್ದೇವೆ, ಅಪ್ಪಂದಿರಿಂದ ಕೇಳಿದ್ದೇವೆ, ಅಷ್ಟೇ. 1971ರಲ್ಲಿ ಓವಲ್ ಮೈದಾನದಲ್ಲಿ ಬಿ.ಎಸ್. ಚಂದ್ರಶೇಖರ್ 38ಕ್ಕೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಮಾತ್ರ ತುಣುಕುಗಳಲ್ಲಿ ನೋಡಸಿಗುತ್ತದೆ. ಇಂಗ್ಲೆಂಡಿನಲ್ಲಿ ಕ್ಯಾಮೆರಾ ಇತ್ತು. ಆದರೆ ಇಂಗ್ಲೆಂಡಿನಲ್ಲೇ, 1983ರ ಜೂನ್ 18ರಂದು, ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಕ್ಯಾಮೆರಾ ಇರಲಿಲ್ಲ. 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಭಾರತಕ್ಕೆ ಕಪಿಲ್‌ದೇವ್ ಅಜೇಯ 175 ಹೊಡೆದು ಪ್ರಾಣ ತುಂಬಿದ ಪಂದ್ಯ ಅದು. ಇನ್ನೊಂದು ತುದಿಯಲ್ಲಿ ಮೊದಲು ರೋಜರ್ ಬಿನ್ನಿ 22 ಹೊಡೆದು ಕುಸಿತ ತಡೆದರು. ಕೊನೆಗೆ ಸೈಯದ್ ಕಿರ್ಮಾನಿ 24 ರನ್ ಮಾಡಿ ಮುರಿಯದ ಒಂಬತ್ತನೇ ವಿಕೆಟ್‌ಗೆ 126 ಸೇರಿಸಿದರು. ಕಪಿಲ್ ಇನಿಂಗ್ಸ್ ಬಗ್ಗೆ ಪುಟಗಟ್ಟಲೆ ಬಂದಿದೆ. ಕಿರ್ಮಾನಿ ಆ 24 ರನ್ನನ್ನು ಹೇಗೆ ಮಾಡಿದರು, ಕಪಿಲ್‌ಗೆ ಸ್ಟ್ರೈಕ್ ಹೇಗೆ ಬಿಟ್ಟುಕೊಟ್ಟರು ಎಂಬುದನ್ನು ಕಣ್ಣಾರೆ ನೋಡುವ ಆಸೆ ನನ್ನಂಥವರದು. ಅದು ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ.

ಆ ಖಾಲಿ ಜಾಗವನ್ನು ಕೊನೆಗೆ ತುಂಬಿದ್ದೂ ಸಿನಿಮಾವೇ. 2021ರಲ್ಲಿ ಬಂದ ‘83’ ಚಿತ್ರಕ್ಕಾಗಿ ಕಬೀರ್ ಖಾನ್ ಅದೇ ಟನ್‌ಬ್ರಿಡ್ಜ್ ವೆಲ್ಸ್ ಮೈದಾನಕ್ಕೆ ಹೋಗಿ ಆ ಇನಿಂಗ್ಸ್ ಮರುಸೃಷ್ಟಿಸಿದರು. ಚೆನ್ನಾಗಿಯೇ ಮಾಡಿದ್ದಾರೆ. ಮುಂದಿನ ತಲೆಮಾರು ಕಪಿಲ್ 175 ಎಂದೊಡನೆ ರಣವೀರ್ ಸಿಂಗ್ ಬ್ಯಾಟ್ ಬೀಸುವುದನ್ನೇ ನೆನೆಯುತ್ತದೆ. ಬೇರೆ ಏನನ್ನು ನೆನೆಯಲು ಸಾಧ್ಯ?

ಫಲಿತಾಂಶ ಗೊತ್ತಿರುವ ಪಂದ್ಯವನ್ನು ಮತ್ತೆ ಪೂರ್ತಿ ನೋಡುವುದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. 1996ರ ಮಾರ್ಚ್ 9ರ ಚಿನ್ನಸ್ವಾಮಿ ಕ್ರೀಡಾಂಗಣವನ್ನೇ ತೆಗೆದುಕೊಳ್ಳಿ. ವಿಶ್ವಕಪ್ ಕ್ವಾರ್ಟರ್ ಫೈನಲ್, ಪಾಕಿಸ್ತಾನದ ವಿರುದ್ಧ. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ವೆಂಕಟೇಶ್ ಪ್ರಸಾದ್ ಮರು ಎಸೆತದಲ್ಲೇ ಸ್ಟಂಪ್ ಎಗರಿಸಿದ್ದು, ಈ ಅರ್ಧ ನಿಮಿಷ ಎಲ್ಲರಿಗೂ ಗೊತ್ತು. ಆ ತುಣುಕನ್ನೇ ನೋಡುತ್ತ ಬೆಳೆದವರಿಗೆ ಸೊಹೈಲ್ ಒಬ್ಬ ಜಂಬದ ಕೋಳಿ. ಪೂರ್ತಿ ರೆಕಾರ್ಡಿಂಗ್ ನೋಡಿದರೆ ಬೇರೆಯದೇ ಕಾಣುತ್ತದೆ. ಸಯೀದ್ ಅನ್ವರ್ ಮತ್ತು ಸೊಹೈಲ್ ಹತ್ತು ಓವರಿನಲ್ಲಿ 84 ರನ್ ಚಚ್ಚಿದ್ದರು. ಭಾರತದ 287 ಅಷ್ಟೇನೂ ದೊಡ್ಡದಲ್ಲ ಅನ್ನಿಸತೊಡಗಿತ್ತು. ವಾಸಿಂ ಅಕ್ರಂ ಗಾಯಗೊಂಡು ಹೊರಗುಳಿದದ್ದರಿಂದ ಸೊಹೈಲೇ ಆ ದಿನದ ನಾಯಕ, 46 ಎಸೆತದಲ್ಲಿ 55 ಹೊಡೆದಿದ್ದಾತ. ಆ ಹೊತ್ತಿನಲ್ಲಿ ಆತ ಬ್ಯಾಟ್ ತೋರಿಸಿದ್ದರಲ್ಲಿ ಅತಿರೇಕವಿತ್ತೇ ಹೊರತು ಆಧಾರವಿಲ್ಲದ ಜಂಬವಿರಲಿಲ್ಲ. ಓವರ್ ನಿಧಾನವಾಯಿತೆಂದು ಪಾಕಿಸ್ತಾನಕ್ಕೆ ಒಂದು ಓವರ್ ಕಡಿತವಾಗಿ 49 ಮಾತ್ರ ಸಿಕ್ಕಿದ್ದು ಕ್ಲಿಪ್‌ನಲ್ಲಿ ಬರುವುದಿಲ್ಲ. ನಡು ಓವರುಗಳಲ್ಲಿ ಅನಿಲ್ ಕುಂಬ್ಳೆ 48ಕ್ಕೆ 3 ವಿಕೆಟ್ ತೆಗೆದು ಕುತ್ತಿಗೆ ಬಿಗಿಹಿಡಿದದ್ದೂ ಬರುವುದಿಲ್ಲ. ಹೈಲೈಟ್ಸ್ ವಿಕೆಟ್ ತೋರಿಸುತ್ತದೆ, ವಿಕೆಟ್ ಬೀಳುವಂತೆ ಮಾಡಿದ ಇಪ್ಪತ್ತು ನಿಮಿಷವನ್ನು ಎಸೆದುಬಿಡುತ್ತದೆ. ಬಾಡಿಗೆ ಕಾಲದಿಂದಲೂ ಆಟದ ಅಭಿಮಾನಿಗೆ ಸಿಕ್ಕಿದ್ದು ಹೀಗೆ ಎಸೆದು ಮಿಕ್ಕಿದ್ದೇ.

ಡಿವಿಡಿ ಕಾಲ ಬಂದು ಹೋದದ್ದು ಗೊತ್ತೇ ಆಗಲಿಲ್ಲ. 2000ದ ದಶಕದ ನಡುಭಾಗದಲ್ಲಿ ಬೆಂಗಳೂರಿನ ಸೆವೆಂಟಿಎಂಎಂ ಮನೆ ಬಾಗಿಲಿಗೇ ಡಿವಿಡಿ ತಂದುಕೊಡುವ ವ್ಯಾಪಾರ ನಡೆಸಿತು. ಅಮೆರಿಕದಲ್ಲಿ ಅಂಚೆ ಮೂಲಕ ಡಿವಿಡಿ ಕಳಿಸುತ್ತ 1998ರಲ್ಲಿ ಶುರುವಾದ ನೆಟ್‌ಫ್ಲಿಕ್ಸ್ ಆ ಸೇವೆಯನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಮೊಬೈಲಿಗೆ ಬಂದ ಮೇಲೆ ಸಿನಿಮಾದ ಬಾಡಿಗೆ ಇನ್ನಷ್ಟು ಸಲೀಸಾಯಿತು. ಪಂದ್ಯದ ವಿಷಯದಲ್ಲಿ ಹಳೆಯ ತೊಡಕೇ ಹೊಸ ವೇಷ ಹಾಕಿತು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ದುಡ್ಡು ಸುರಿಯುವುದು ನೇರ ಪ್ರಸಾರದ ಆ ನಾಲ್ಕು ತಾಸಿಗೆ. ಹಕ್ಕು ಐದೇ ವರ್ಷದ್ದು. ಆಮೇಲೆ ಬೇರೆ ಸಂಸ್ಥೆ ಬಂದರೆ ಹಿಂದಿನವರ ಆ್ಯಪ್‌ನಲ್ಲಿದ್ದ ಪಂದ್ಯ ಅಲ್ಲೇ ಉಳಿಯುತ್ತದೆಂಬ ಭರವಸೆ ಇಲ್ಲ. ಹಳೆಯ ಸರಣಿಯೊಂದಕ್ಕೆ ಮಂಡಳಿ, ಪ್ರಸಾರ ಸಂಸ್ಥೆ, ನಿರ್ಮಾಣ ಕಂಪನಿ ಹೀಗೆ ಹಲವು ವಾರಸುದಾರರು. ಅವರೆಲ್ಲರನ್ನೂ ಒಪ್ಪಿಸಿ ಹುಬ್ಬಳ್ಳಿಯ ಒಬ್ಬ ಅಭಿಮಾನಿಗೆ 50 ರೂಪಾಯಿಗೆ ಪಂದ್ಯ ತೋರಿಸುವುದರಿಂದ ಯಾರಿಗೆ ಲಾಭ?

ಆದರೂ ನೋಡುವವರಿದ್ದಾರೆ ಎಂಬುದು 2020ರ ಲಾಕ್‌ಡೌನ್‌ನಲ್ಲಿ ಕಂಡಿತು. ಆಟವೆಲ್ಲ ನಿಂತಿದ್ದ ಆ ಏಪ್ರಿಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ 2000ದ ದಶಕದ ಪಂದ್ಯಗಳ ಹೈಲೈಟ್ಸ್ ಮತ್ತೆ ಬಿತ್ತರಿಸಿತು. 2022ರಲ್ಲಿ ಫಿಫಾ ತನ್ನ ಉಗ್ರಾಣ ತೆರೆದು ಹಳೆಯ ವಿಶ್ವಕಪ್ ಪಂದ್ಯಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಾಕಿತು. ವಿಶ್ವಕಪ್ ಮಟ್ಟಿಗೆ ಅದಕ್ಕೆ ಏಕಯಜಮಾನಿಕೆ ಇದೆ, ಹಾಕಲು ಸಾಧ್ಯವಾಯಿತು. ಕ್ರಿಕೆಟ್ಟಿನಲ್ಲಿ ಆ ಕೆಲಸ ಮಾಡುತ್ತಿರುವವರು ಬಹುಪಾಲು ಅಭಿಮಾನಿಗಳೇ. ಎಂಬತ್ತರ ದಶಕದಲ್ಲಿ ಟೀವಿಯಿಂದ ವಿಎಚ್‌ಎಸ್‌ಗೆ ತುಂಬಿಸಿಟ್ಟದ್ದನ್ನು ಯೂಟ್ಯೂಬಿಗೆ ಏರಿಸುತ್ತಾರೆ. ಹಕ್ಕುದಾರರ ದೂರು ಬರುತ್ತದೆ, ವಿಡಿಯೋ ಮಾಯವಾಗುತ್ತದೆ, ಇನ್ನೊಬ್ಬರು ಏರಿಸುತ್ತಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮುನ್ನ ಒಂದು ಸಲ ನೋಡಿ. ಹಣೆಪಟ್ಟಿ ನಂಬಬೇಡಿ. ಎರಡೂವರೆ ಗಂಟೆಯ ಮದುವೆಯೋ ಸಿನಿಮಾವೋ ಮುಗಿದ ಮೇಲೆ ಉಳಿದ ಅರ್ಧ ಗಂಟೆಯಲ್ಲಿ ಯಾರೋ ಕೊನೆಯ ಓವರುಗಳನ್ನು ತುಂಬಿಸಿರಬಹುದು. ಕ್ಯಾಸೆಟ್ಟಿನ ಅಂಚಿನಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲೊಂದಿರುತ್ತದೆ. ಅದನ್ನು ಮುರಿದರೆ ಮತ್ತೆ ರೆಕಾರ್ಡ್ ಆಗುವುದಿಲ್ಲ, ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದರೆ ಮತ್ತೆ ಆಗುತ್ತದೆ. ಸೆಲೋಟೇಪ್ ಅಂಟಿಸಿರುವ ಸಿನಿಮಾ ಕ್ಯಾಸೆಟ್ ಕಂಡರೆ ಅದರಲ್ಲಿ ಸಿನಿಮಾ ಉಳಿದಿರುವುದು ಅನುಮಾನ, ಪಂದ್ಯ ಇರುವ ಸಂಭವವುಂಟು. ಕಿಟಕಿಯಲ್ಲಿ ಇಣುಕಿದಾಗ ಸುರುಳಿಯ ಅಂಚಿಗೆ ಬಿಳಿ ಪುಡಿ ಮೆತ್ತಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವಕ್ಕೆ ಸಾಮಾನ್ಯ. ಹಾಗೇ ಯಂತ್ರಕ್ಕೆ ಹಾಕಿದರೆ ಹೆಡ್ ಹಾಳು, ಆಮೇಲೆ ಹಾಕುವ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಮೊದಲು ಶುಚಿ ಮಾಡಿಸಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಜಪಾನಿ ಕಂಪನಿ ಫುನಾಯಿ 2016ರ ಜುಲೈನಲ್ಲಿ ಕೆಲಸ ನಿಲ್ಲಿಸಿದೆ. ಇರುವ ಯಂತ್ರಗಳೂ ಒಂದೊಂದಾಗಿ ಕೆಡುತ್ತಿವೆ. ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಸ್ಟುಡಿಯೋಗಳು ದೊಡ್ಡ ಊರುಗಳಲ್ಲಿ ಇನ್ನೂ ಇವೆ. ಒಯ್ದಾಗ ಕೊನೆಯವರೆಗೂ ಓಡಿಸಲು ಹೇಳಿ. ಆರತಿ ಮುಗಿದ ಮೇಲೆ ಗೆರೆಗಳು ಬಂದವೆಂದು ಅವರು ನಿಲ್ಲಿಸಿಬಿಡುವುದುಂಟು.